ಡೇನಿಯಲ್ ಕೋಶ

ಡೇನಿಯಲ್ ಕೋಶವು ಸತು ಮತ್ತು ತಾಮ್ರದ ವಿದ್ಯುದ್ವಾರಗಳನ್ನು ಹೊಂದಿರುವ ಒಂದು ಗ್ಯಾಲ್ವಾನಿಕ್ ಕೋಶ. ಇದರಲ್ಲಿ ರಾಸಾಯನಿಕ ಶಕ್ತಿಯು ವಿದ್ಯುಚ್ಛಕ್ತಿಯಾಗಿ ಪರಿವರ್ತನೆಗೊಳ್ಳುತ್ತದೆ. ಬ್ರಿಟಿಷ್ ರಸಾಯನವಿಜ್ಞಾನಿ ಜಾನ್ ಫ್ರೆಡರಿಕ್ ಡೇನಿಯಲ್ ಇದನ್ನು 1836ರಲ್ಲಿ ರೂಪಿಸಿದರು. ಪ್ರಮಾಣಿತ ಸ್ಥಿತಿಯಲ್ಲಿ ಇದರ ವಿಭವಾಂತರ ಸುಮಾರು 1.10 ವೋಲ್ಟ್.

ಹಿನ್ನೆಲೆ

1800ರಲ್ಲಿ ಅಲೆಸಾಂಡ್ರೊ ವೋಲ್ಟಾ ಪ್ರಕಟಿಸಿದ ವಿದ್ಯುತ್ಕೋಶದಲ್ಲಿ ಒಂದು ಮುಖ್ಯ ದೋಷವಿತ್ತು. ಬಳಸುತ್ತಿದ್ದಂತೆ ತಾಮ್ರದ ಮೇಲೆ ಹೈಡ್ರೋಜನ್ ಗುಳ್ಳೆಗಳು ಕವಿದು, ವಿದ್ಯುತ್ ಪ್ರವಾಹ ಬಹುಬೇಗ ಕುಗ್ಗುತ್ತಿತ್ತು. ಇದನ್ನು ಧ್ರುವೀಕರಣ ಎನ್ನುತ್ತಾರೆ. ಡೇನಿಯಲ್ ತಾಮ್ರವನ್ನು ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಇರಿಸಿದರು. ಆಗ ಹೈಡ್ರೋಜನ್ನಿಗೆ ಬದಲಾಗಿ ತಾಮ್ರವೇ ಅದರ ಮೇಲೆ ಸಂಗ್ರಹವಾಗತೊಡಗಿತು. ವಿಭವಾಂತರವೂ ಸ್ಥಿರವಾಗಿ ಉಳಿಯಿತು.

ರಚನೆ

ಸತುವಿನ ಪಟ್ಟಿಯನ್ನು ಸತುವಿನ ಸಲ್ಫೇಟ್ ದ್ರಾವಣದಲ್ಲಿಯೂ, ತಾಮ್ರದ ಪಟ್ಟಿಯನ್ನು ತಾಮ್ರದ ಸಲ್ಫೇಟ್ ದ್ರಾವಣದಲ್ಲಿಯೂ ಮುಳುಗಿಸಲಾಗುತ್ತದೆ. ಎರಡು ದ್ರಾವಣಗಳ ನಡುವೆ ರಂಧ್ರಮಯ ಮಣ್ಣಿನ ಪಾತ್ರೆ ಅಥವಾ ಲವಣ ಸೇತುವೆ ಇರುತ್ತದೆ. ಡೇನಿಯಲ್ ಮೊದಲಿಗೆ ಎತ್ತಿನ ಅನ್ನನಾಳದ ಪೊರೆಯನ್ನು ಈ ಕೆಲಸಕ್ಕೆ ಬಳಸಿದ್ದರು.

ಈ ಪ್ರತ್ಯೇಕತೆಯೇ ಕೋಶದ ಜೀವಾಳ. ಸತುವನ್ನು ನೇರವಾಗಿ ತಾಮ್ರದ ಸಲ್ಫೇಟ್ ದ್ರಾವಣಕ್ಕೆ ಹಾಕಿದರೂ ಅದೇ ಕ್ರಿಯೆ ನಡೆಯುತ್ತದೆ; ಆದರೆ ಎಲೆಕ್ಟ್ರಾನುಗಳು ಸ್ಥಳದಲ್ಲಿಯೇ ವರ್ಗಾವಣೆಗೊಂಡು, ಶಕ್ತಿಯು ಕೇವಲ ಶಾಖವಾಗಿ ವ್ಯಯವಾಗುತ್ತದೆ. ಕೋಶದಲ್ಲಾದರೋ ಎಲೆಕ್ಟ್ರಾನುಗಳು ಹೊರಗಿನ ತಂತಿಯ ಮೂಲಕವೇ ಸಾಗಬೇಕಾಗುತ್ತದೆ.

ವಿದ್ಯುದ್ವಾರ ಕ್ರಿಯೆಗಳು

ಆನೋಡ್ (ಉತ್ಕರ್ಷಣ): ಸತು → ಸತುವಿನ ಅಯಾನು (2+) + 2 ಎಲೆಕ್ಟ್ರಾನುಗಳು
ಕ್ಯಾಥೋಡ್ (ಅಪಕರ್ಷಣ): ತಾಮ್ರದ ಅಯಾನು (2+) + 2 ಎಲೆಕ್ಟ್ರಾನುಗಳು → ತಾಮ್ರ

ಎಲೆಕ್ಟ್ರಾನುಗಳು ಸತುವಿನಿಂದ ತಾಮ್ರದೆಡೆಗೆ ಹರಿಯುತ್ತವೆ. ಲವಣ ಸೇತುವೆಯ ಋಣ ಅಯಾನುಗಳು ಸತುವಿನ ಕಡೆಗೂ, ಧನ ಅಯಾನುಗಳು ತಾಮ್ರದ ಕಡೆಗೂ ಚಲಿಸಿ ದ್ರಾವಣಗಳ ವಿದ್ಯುತ್ ತಟಸ್ಥತೆಯನ್ನು ಕಾಪಾಡುತ್ತವೆ. ಸೇತುವೆಯನ್ನು ತೆಗೆದರೆ ಪ್ರವಾಹ ನಿಲ್ಲುತ್ತದೆ.

ಆನೋಡನ್ನು ಧನಾಗ್ರ, ಕ್ಯಾಥೋಡನ್ನು ಋಣಾಗ್ರ ಎಂದು ಕನ್ನಡದಲ್ಲಿ ಕರೆಯುವ ರೂಢಿ ಇಲ್ಲಿ ಗೊಂದಲಕ್ಕೆ ಎಡೆಮಾಡುತ್ತದೆ. ಈ ಹೆಸರುಗಳು ವಿದ್ಯುದ್ವಿಭಜನೆಯ ಕೋಶಕ್ಕೆ ಒಪ್ಪುತ್ತವೆ. ಗ್ಯಾಲ್ವಾನಿಕ್ ಕೋಶದಲ್ಲಿ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುವ ಆನೋಡ್ ಋಣ ಧ್ರುವವಾಗಿರುತ್ತದೆ. ಎರಡೂ ಬಗೆಯ ಕೋಶಗಳಲ್ಲಿ ಬದಲಾಗದ ನಿಯಮವೆಂದರೆ, ಉತ್ಕರ್ಷಣ ನಡೆಯುವುದು ಆನೋಡಿನಲ್ಲಿ, ಅಪಕರ್ಷಣ ನಡೆಯುವುದು ಕ್ಯಾಥೋಡಿನಲ್ಲಿ.

ವಿಭವಾಂತರ

ಒಂಟಿ ವಿದ್ಯುದ್ವಾರದ ವಿಭವವನ್ನು ಅಳೆಯಲಾಗದು. ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ ಅಳೆಯಬಹುದು. ಆದ್ದರಿಂದ ಪ್ರಮಾಣಿತ ಹೈಡ್ರೋಜನ್ ವಿದ್ಯುದ್ವಾರದ ವಿಭವವನ್ನು ಸೊನ್ನೆ ಎಂದು ಒಪ್ಪಿಕೊಳ್ಳಲಾಗಿದೆ. ಅದಕ್ಕೆ ಹೋಲಿಸಿದಾಗ ತಾಮ್ರದ ಪ್ರಮಾಣಿತ ಅಪಕರ್ಷಣ ವಿಭವ +0.34 ವೋಲ್ಟ್, ಸತುವಿನದು −0.76 ವೋಲ್ಟ್.

ಕೋಶದ ವಿಭವಾಂತರ = ಕ್ಯಾಥೋಡಿನ ವಿಭವ − ಆನೋಡಿನ ವಿಭವ = 0.34 − (−0.76) = 1.10 ವೋಲ್ಟ್

ವಿದ್ಯುದ್ವಾರಗಳ ಗಾತ್ರವನ್ನು ಹೆಚ್ಚಿಸಿದರೆ ಈ ಮೌಲ್ಯ ಹೆಚ್ಚುವುದಿಲ್ಲ. ವಿಭವಾಂತರವೆಂಬುದು ಪ್ರತಿ ಕೂಲಂಬ್ ವಿದ್ಯುದಾವೇಶಕ್ಕೆ ದೊರೆಯುವ ಶಕ್ತಿ. ಸತುವಿನ ಪ್ರಮಾಣ ಇಮ್ಮಡಿಯಾದರೆ ಶಕ್ತಿ ಮತ್ತು ಆವೇಶ ಎರಡೂ ಇಮ್ಮಡಿಯಾಗಿ, ಅವುಗಳ ಅನುಪಾತ ಹಾಗೆಯೇ ಉಳಿಯುತ್ತದೆ. 1 ಮೋಲ್ ಸತುವಿನಿಂದ ಪ್ರಮಾಣಿತ ಸ್ಥಿತಿಯಲ್ಲಿ ಪಡೆಯಬಹುದಾದ ಗರಿಷ್ಠ ವಿದ್ಯುತ್ ಕಾರ್ಯವು 2 × 96,485 × 1.10, ಅಂದರೆ ಸುಮಾರು 212 ಕಿಲೋಜೂಲ್. ದೊಡ್ಡ ಪಟ್ಟಿಗಳಿಂದ ಕೋಶದ ಆಂತರಿಕ ರೋಧ ತಗ್ಗಿ, ಹೆಚ್ಚಿನ ಪ್ರವಾಹ ದೊರೆಯುತ್ತದೆ.

ಸಾರತೆಯ ಪ್ರಭಾವ

ಕೋಶವು ಕೆಲಸ ಮಾಡಿದಂತೆ ಸತುವಿನ ಅಯಾನುಗಳು ಹೆಚ್ಚುತ್ತವೆ, ತಾಮ್ರದ ಅಯಾನುಗಳು ಕಡಿಮೆಯಾಗುತ್ತವೆ. ನರ್ನ್‌ಸ್ಟ್ ಸಮೀಕರಣದ ಪ್ರಕಾರ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ಎರಡರ ಅನುಪಾತ ಹತ್ತು ಪಟ್ಟು ಏರಿದಾಗಲೆಲ್ಲ ವಿಭವಾಂತರ ಸುಮಾರು 0.03 ವೋಲ್ಟ್ ಇಳಿಯುತ್ತದೆ. ಅನುಪಾತ 100 ಆದಾಗಲೂ ಸುಮಾರು 1.04 ವೋಲ್ಟ್ ಉಳಿದಿರುತ್ತದೆ. ಹೀಗಾಗಿ ಕೋಶವು ತನ್ನ ಆಯುಷ್ಯದ ಬಹುಭಾಗ ಸ್ಥಿರ ವಿಭವಾಂತರವನ್ನು ನೀಡಿ, ತಾಮ್ರದ ಅಯಾನುಗಳು ಬಹುತೇಕ ಮುಗಿದ ಬಳಿಕವೇ ಕುಸಿಯುತ್ತದೆ. ಸಮತೋಲನ ತಲುಪಿದಾಗ ವಿಭವಾಂತರ ಸೊನ್ನೆಯಾಗುತ್ತದೆ.

ಬಳಕೆ

ಸ್ಥಿರತೆಯ ಕಾರಣದಿಂದ ಈ ಕೋಶ 19ನೇ ಶತಮಾನದಲ್ಲಿ ಟೆಲಿಗ್ರಾಫ್ ಜಾಲಗಳ ವಿದ್ಯುತ್ ಮೂಲವಾಯಿತು. ದ್ರಾವಣಗಳ ಸಾಂದ್ರತೆಯ ವ್ಯತ್ಯಾಸದಿಂದಲೇ ಅವುಗಳನ್ನು ಬೇರ್ಪಡಿಸುವ ಗುರುತ್ವ ಕೋಶವು ಇದರದೇ ಒಂದು ರೂಪಾಂತರ. ಇಂದು ಡೇನಿಯಲ್ ಕೋಶವು ಮುಖ್ಯವಾಗಿ ವಿದ್ಯುದ್ರಸಾಯನ ವಿಜ್ಞಾನದ ಬೋಧನೆಯಲ್ಲಿ ಬಳಕೆಯಲ್ಲಿದೆ.