ಮೀನಿನ ಹುರುಪೆ ಮತ್ತು ದೇಹದ ಉದ್ದ

ಹುರುಪೆ ಅಥವಾ ಶಲ್ಕವು ಮೀನಿನ ಚರ್ಮದಲ್ಲಿ ಬೇರೂರಿರುವ ತೆಳುವಾದ ಗಟ್ಟಿ ಬಿಲ್ಲೆ. ಸಾಲ್ಮನ್, ಗೆಂಡೆ ಮೊದಲಾದ ಮೀನುಗಳಲ್ಲಿ ಹುರುಪೆಗಳ ಸಂಖ್ಯೆ ಮರಿಯ ಹಂತದಲ್ಲೇ ಬಹುಮಟ್ಟಿಗೆ ನಿಗದಿಯಾಗುತ್ತದೆ. ಮೀನು ಬೆಳೆದಂತೆ ಹೊಸವು ಸೇರುವುದಿಲ್ಲ, ಇರುವವೇ ಹಿಗ್ಗುತ್ತವೆ. ಆದುದರಿಂದ ಹುರುಪೆಯ ತ್ರಿಜ್ಯವನ್ನು ಅಳೆದು ಮೀನಿನ ಹಿಂದಿನ ಉದ್ದವನ್ನು ಅಂದಾಜಿಸಬಹುದು.

ಹುರುಪೆಯ ಅಂಚಿನಲ್ಲಿ ಸೂಕ್ಷ್ಮ ಏಣುಗಳು ಒಂದರ ಹೊರಗೊಂದು ಮೂಡುತ್ತವೆ. ಬೆಳವಣಿಗೆ ಚುರುಕಾಗಿದ್ದಾಗ ಅವುಗಳ ನಡುವಿನ ಅಂತರ ಹೆಚ್ಚು. ಕುಂಠಿತವಾದಾಗ ಅವು ಒತ್ತೊತ್ತಾಗಿರುತ್ತವೆ. ಶೀತದೇಶಗಳ ನದಿಗಳಲ್ಲಿರುವ ಸಾಲ್ಮನ್ ಮರಿಗಳಲ್ಲಿ ಚಳಿಗಾಲದ ಒತ್ತಾದ ಪಟ್ಟಿಯು ವಾರ್ಷಿಕ ಉಂಗುರವಾಗಿ ಉಳಿಯುತ್ತದೆ.

ಲೆಕ್ಕಾಚಾರ

1910ರ ಸುಮಾರಿಗೆ ನಾರ್ವೆಯ ಐನಾರ್ ಲೆಯಾ ಮತ್ತು ಕ್ನೂಟ್ ಡಾಲ್ ಅವರು ಹುರುಪೆಯೂ ದೇಹವೂ ಒಂದೇ ಪ್ರಮಾಣದಲ್ಲಿ ಬೆಳೆಯುತ್ತವೆಂಬ ನೇರ ಅನುಪಾತವನ್ನು ಬಳಸಿದರು. ಉದಾಹರಣೆಗೆ, 40 ಸೆಂ.ಮೀ. ಉದ್ದದ ಮೀನಿನ ಹುರುಪೆಯ ತ್ರಿಜ್ಯ 10 ಮಿ.ಮೀ. ಇದ್ದು, ಒಳ ಉಂಗುರವು ಕೇಂದ್ರದಿಂದ 6 ಮಿ.ಮೀ. ದೂರದಲ್ಲಿದ್ದರೆ, ಉಂಗುರ ಮೂಡಿದಾಗ ಮೀನಿನ ಉದ್ದ 24 ಸೆಂ.ಮೀ. ಎಂದಾಗುತ್ತದೆ.

ಆದರೆ ಮೊಟ್ಟೆಯೊಡೆದ ಮರಿಗೆ ಹುರುಪೆಯೇ ಇರುವುದಿಲ್ಲ. ಅದು ಕೆಲವು ಸೆಂಟಿಮೀಟರ್ ಬೆಳೆದ ಬಳಿಕವೇ ಮೂಡುತ್ತದೆ. ಫ್ರೇಸರ್ ಮತ್ತು ರೋಸಾ ಲೀ ಅವರ ಹೆಸರಿನ ಸೂತ್ರವು ಈ ಆರಂಭಿಕ ಉದ್ದವನ್ನು ಮೊದಲು ಕಳೆದು, ಅನುಪಾತವನ್ನು ಅನ್ವಯಿಸಿ, ಮತ್ತೆ ಕೂಡಿಸುತ್ತದೆ. ಅದನ್ನು 3 ಸೆಂ.ಮೀ. ಎಂದಿಟ್ಟುಕೊಂಡರೆ ಮೇಲಿನ ಉತ್ತರ 25.2 ಸೆಂ.ಮೀ. ಆಗುತ್ತದೆ. ವಯಸ್ಸು ಕಡಿಮೆಯಿದ್ದಷ್ಟೂ ಈ ವ್ಯತ್ಯಾಸ ಹೆಚ್ಚು. ಉದುರಿದ ಜಾಗದಲ್ಲಿ ಮತ್ತೆ ಬೆಳೆದ ಹುರುಪೆಯ ನಡುಭಾಗದಲ್ಲಿ ಏಣುಗಳಿರುವುದಿಲ್ಲ. ಅದು ಅಳತೆಗೆ ಬಾರದು.

ಬಂಗಾರಪೇಟೆ–ಕೆ.ಜಿ.ಎಫ್. ಭಾಗದ ಕೆರೆಗಳಲ್ಲಿ

ಕೋಲಾರ ಚಿನ್ನದ ಗಣಿಗೆ ನೀರೊದಗಿಸಿದ, ಪಾಲಾರ್ ನದಿಯ ಬೇತಮಂಗಲ ಕೆರೆಯೂ ಸೇರಿದಂತೆ ಈ ಭಾಗದ ಕೆರೆಗಳಲ್ಲಿ ಸಾಲ್ಮನ್ ಇಲ್ಲ. ಕೆರೆ ಮೀನುಗಾರಿಕೆಯಲ್ಲಿ ಮುಖ್ಯವಾದವು ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಮುಂತಾದ ಬಿತ್ತನೆಯ ಮೀನುಗಳು. ಉದ್ದದ ಲೆಕ್ಕ ಇವುಗಳಿಗೂ ಹೊಂದುತ್ತದೆ. ವಯಸ್ಸಿನ ಲೆಕ್ಕ ಅಷ್ಟು ಸಲೀಸಲ್ಲ. ಇಲ್ಲಿ ಹಿಮಗಟ್ಟುವ ಚಳಿಯಿಲ್ಲ. ಬೇಸಿಗೆಯಲ್ಲಿ ಕೆರೆ ಬತ್ತುತ್ತ ಬಂದಾಗ, ಆಹಾರ ಕಡಿಮೆಯಾದಾಗ ಅಥವಾ ಮೀನು ಮೊಟ್ಟೆಗಟ್ಟಿದಾಗಲೂ ಏಣುಗಳು ಒತ್ತಾಗಬಹುದು. ಒಂದೇ ವರ್ಷದಲ್ಲಿ ಎರಡು ಉಂಗುರ ಮೂಡಿದರೂ ಅಚ್ಚರಿಯಿಲ್ಲ. ಎರಡನ್ನೂ ವರ್ಷಗಳೆಂದು ಎಣಿಸಿದರೆ ಚೆನ್ನಾಗಿ ಬೆಳೆದ ಮೀನೂ ನಿಧಾನವಾಗಿ ಬೆಳೆದಂತೆ ತೋರುತ್ತದೆ. ಎಷ್ಟು ಮರಿ ಬಿಡಬೇಕು, ಯಾವಾಗ ಹಿಡಿಯಬೇಕು ಎಂಬ ನಿರ್ಧಾರಗಳೂ ತಪ್ಪುತ್ತವೆ.

ಇದನ್ನು ಪರೀಕ್ಷಿಸಲು ಕೆರೆಯೇ ಅನುಕೂಲ. ಕಾಟ್ಲಾ, ರೋಹು ನಿಂತ ನೀರಿನಲ್ಲಿ ಸಾಮಾನ್ಯವಾಗಿ ಮರಿ ಮಾಡುವುದಿಲ್ಲ. ಹಿಂದಿನ ಬೇಸಿಗೆಯಲ್ಲಿ ಪೂರ್ತಿ ಬತ್ತಿದ್ದ ಕೆರೆಗೆ ಮಳೆಯ ನಂತರ ಮರಿ ಬಿಟ್ಟಿದ್ದರೆ, ಬಿತ್ತನೆಯ ದಿನಾಂಕದಿಂದ ಮೀನಿನ ವಯಸ್ಸು ತಿಳಿಯುತ್ತದೆ. ಹುರುಪೆಯ ಉಂಗುರಗಳನ್ನು ಅದರೊಡನೆ ಹೋಲಿಸಿ ನೋಡಬಹುದು.