ಹೇರೆತ್ತಿನ ದಾರಿ: ಅರಸೀಕೆರೆಯಿಂದ ಬೇಲೂರಿನವರೆಗೆ

ಹೊಯ್ಸಳರ ಕಾಲದ ಗುಡಿಗಳ ಬಗ್ಗೆ ನಾವು ಬರೆದಿರುವುದು ಸಾಕಷ್ಟಿದೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವನಾಗಲಿ, ಹಳೇಬೀಡಿನ ಹೊಯ್ಸಳೇಶ್ವರನಾಗಲಿ, ಅರಸೀಕೆರೆಯ ಈಶ್ವರ ದೇವಾಲಯವಾಗಲಿ, ಅಳತೆ ತೆಗೆಯದೆ, ಶಿಲ್ಪ ವರ್ಣಿಸದೆ ಬಿಟ್ಟ ಗೋಡೆಯಿಲ್ಲ. ಆದರೆ ಒಂದು ಊರಿನಿಂದ ಇನ್ನೊಂದಕ್ಕೆ ಜನ ಹೇಗೆ ನಡೆದರು, ಸರಕು ಯಾವ ಪ್ರಾಣಿಯ ಬೆನ್ನೇರಿ ಬಂತು ಎಂದು ಕೇಳಿದವರು ಕಡಿಮೆ. ಅರಸೀಕೆರೆ, ಬಾಣಾವರ, ಜಾವಗಲ್ಲು, ಬೆಳವಾಡಿ, ಹಳೇಬೀಡು, ಬೇಲೂರು ಎಂಬ ಈ ಸಾಲು ಬಯಲುಸೀಮೆಯನ್ನು ಮಲೆನಾಡಿನ ಅಂಚಿಗೆ ಸೇರಿಸುತ್ತಿದ್ದ ಒಂದು ಹೇರಿನ ದಾರಿಯ ತಂಗುದಾಣಗಳ ಸಾಲು ಎಂಬುದು ಈ ಲೇಖನದ ವಾದ. ಹಾಗಿದ್ದರೆ ಗುಡಿಯಷ್ಟೇ ಆ ದಾರಿಯೂ ಇತಿಹಾಸದ ಅವಶೇಷವೇ.

ಮೊದಲು ಶಾಸನಗಳ ಸಾಕ್ಷ್ಯ. ಅರಸೀಕೆರೆ ಹೊಯ್ಸಳರ ಕಾಲದಲ್ಲಿ ದೊಡ್ಡ ವರ್ತಕ ಪಟ್ಟಣ. ಕಡಲ ಮೇಲೆ ಹಡಗುಗಳಲ್ಲಿ ಕುದುರೆ, ಆನೆ, ಮುತ್ತು ತರಿಸಿ ಅರಸರಿಗೆ ಮಾರುತ್ತಿದ್ದ ಕಮ್ಮಟದ ಚಟ್ಟಿಸೆಟ್ಟಿಯನ್ನು ಅಲ್ಲಿನ 12ನೆಯ ಶತಮಾನದ ಕೊನೆಯ ಶಾಸನ ಹೆಸರಿಸುತ್ತದೆ. ಕಡಲಿನಿಂದ ಇಷ್ಟು ದೂರದ ಒಣನೆಲದ ಊರಿನಲ್ಲಿ ಅಂಥ ವ್ಯಾಪಾರಿ ನೆಲೆಯೂರಬೇಕಾದರೆ ಘಟ್ಟವನ್ನು ದಾಟುವ ಸಾಗಾಟದ ಏರ್ಪಾಡು ಗಟ್ಟಿಯಾಗಿರಲೇಬೇಕು. ದೇವಾಲಯಗಳಿಗೆ ಸುಂಕ ಬಿಟ್ಟುಕೊಡುವ ಶಾಸನಗಳಲ್ಲಿ ಎಲೆ, ಅಡಕೆ, ಮೆಣಸುಗಳಿಗೆ ‘ಹೇರು’ ಎಂಬ ಲೆಕ್ಕ ಮತ್ತೆ ಮತ್ತೆ ಬರುತ್ತದೆ. ಹೇರು ಎಂದರೆ ಪ್ರಾಣಿಯೊಂದು ಬೆನ್ನ ಮೇಲೆ ಹೊರುವ ಸರಕು. ಅಯ್ಯಾವೊಳೆ ಐನೂರ್ವರು ಎಂಬ ವರ್ತಕ ಸಂಘದ ಪ್ರಶಸ್ತಿಯಲ್ಲಿ ಕತ್ತೆ, ಕೋಣಗಳೇ ವರ್ತಕರ ಹೆಮ್ಮೆಯ ವಾಹನಗಳು. ದೇವರ ನಂದಾದೀಪಕ್ಕೆ ಎಣ್ಣೆ ಒದಗಿಸಿದ್ದರಲ್ಲಿ ಈ ಪ್ರಾಣಿಗಳ ಪಾಲು ದೊಡ್ಡದು. ಅದನ್ನು ನಮ್ಮ ಕಲಾಚರಿತ್ರೆ ಬರೆದುಕೊಳ್ಳದಿರುವುದು ಸಣ್ಣ ಲೋಪವಲ್ಲ.

ಎರಡನೆಯ ಸಾಕ್ಷ್ಯ ನೆಲದ್ದು. ಬೇಲೂರಿನಿಂದ ಹಳೇಬೀಡಿಗೆ ಸುಮಾರು 16 ಕಿಲೋಮೀಟರು. ಅಲ್ಲಿಂದ ಬೆಳವಾಡಿಗೂ ಬೆಳವಾಡಿಯಿಂದ ಜಾವಗಲ್ಲಿಗೂ ಅದಕ್ಕಿಂತ ಕಡಿಮೆ. ಹೇರು ಹೊತ್ತ ಎತ್ತು ಒಂದು ಹಗಲಿನಲ್ಲಿ ದಣಿಯದೆ ಸಾಗಬಲ್ಲ ದೂರವೂ ಹೆಚ್ಚುಕಡಿಮೆ ಇಷ್ಟೇ. ದಿನದ ಕೊನೆಗೆ ಬೇಕಾದದ್ದು ನೀರು, ಮೇವು, ನೆರಳು. ಬೇಲೂರಿನ ವಿಷ್ಣುಸಮುದ್ರ, ಹಳೇಬೀಡಿನ ದೋರಸಮುದ್ರ, ಅರಸೀಕೆರೆಯ ಕೆರೆ ಇವೆಲ್ಲ ಗದ್ದೆಗೆ ನೀರುಣಿಸಿದಂತೆ ದಾರಿಯ ದನಕ್ಕೂ ನೀರುಣಿಸಿದವು. ಮೇವಿನ ವಿಷಯದಲ್ಲಿ ಮುಂದಿನ ಕಾಲದ ಪುರಾವೆ ನೆರವಿಗೆ ಬರುತ್ತದೆ: ಮೈಸೂರು ಅರಸರೂ ಹೈದರ್, ಟಿಪ್ಪು ಸುಲ್ತಾನರೂ ಸೈನ್ಯದ ಸಾಮಾನು ಸಾಗಿಸಲು ಸಾಕಿದ ಅಮೃತಮಹಲ್ ದನಗಳ ಕಾವಲುಗಳು ಅರಸೀಕೆರೆ, ಕಡೂರು ಸೀಮೆಯ ಹುಲ್ಲುಗಾವಲಿನಲ್ಲೇ ಹರಡಿಕೊಂಡಿದ್ದವು. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಕೂಡ ಬಾಣಾವರ, ಜಾವಗಲ್ಲು, ಹಳೇಬೀಡು, ಬೇಲೂರು ಎಂಬ ಕ್ರಮದಲ್ಲೇ ಬಂದ. ಹೊಯ್ಸಳರ ರಾಜಧಾನಿಯಾಗಿದ್ದ ಹಳೇಬೀಡು ಹಾಳಾಗಿ ಶತಮಾನಗಳು ಕಳೆದ ಮೇಲೂ ಪಯಣಿಗ ಅದೇ ಸಾಲನ್ನು ಹಿಡಿದದ್ದು ಆ ದಾರಿಯ ಬಾಳಿಕೆಯನ್ನು ತೋರಿಸುತ್ತದೆ.

ಇದಕ್ಕೆ ಆಕ್ಷೇಪಗಳುಂಟು. ಈ ಊರುಗಳಲ್ಲಿ ಗುಡಿ ಎದ್ದದ್ದು ಅರಸರ, ದಂಡನಾಯಕರ ದಾನದಿಂದ, ದಾರಿಯಿಂದಲ್ಲ ಎನ್ನಬಹುದು. ಬೆಳವಾಡಿಯ ವೀರನಾರಾಯಣನಂಥ ವಿಶಾಲ ಗುಡಿಯ ಹಿಂದೆ ರಾಜಾಶ್ರಯವಿತ್ತೆಂಬುದು ನಿಜವೇ. ಆದರೆ ದಾನ ಗುಡಿಯನ್ನು ಕಟ್ಟುತ್ತದೆ. ಅದರ ನಿತ್ಯದ ಸೇವೆ ನಡೆಯಬೇಕಾದರೆ ಸಂತೆಯೂ ಸುಂಕವೂ ಬೇಕು, ಅವು ದಾರಿಯಿಲ್ಲದೆ ಬಾರವು. ಬಂಡಿಗಳಿದ್ದ ಕಾಲದಲ್ಲಿ ಹೇರೆತ್ತೇ ಏಕೆ ಎಂಬುದು ಇನ್ನೊಂದು ಪ್ರಶ್ನೆ. ಬಯಲಿನಲ್ಲಿ ಬಂಡಿ ಓಡಾಡಿತು, ಸಂದೇಹವಿಲ್ಲ. ಬೇಲೂರಿನಿಂದ ಪಡುವಲಿಗೆ ಘಟ್ಟದ ಇಳಿಜಾರಿನಲ್ಲಿ ಬಂಡಿ ಹೋಗುವಂಥ ರಸ್ತೆಗಳಾದದ್ದು 19ನೆಯ ಶತಮಾನದಲ್ಲಿ. ಅದಕ್ಕೂ ಮೊದಲು ಕರಾವಳಿಯ ಉಪ್ಪು ಮೇಲೆ ಬರಲಿ, ಬಯಲಿನ ಧಾನ್ಯ ಕೆಳಗೆ ಹೋಗಲಿ, ಬೆನ್ನ ಹೇರೇ ಗತಿ. ಸರಕನ್ನು ನಡುವೆ ಇಳಿಸಿ ಬಂಡಿಗೆ ತುಂಬುವುದಕ್ಕಿಂತ ಅದೇ ಎತ್ತಿನಲ್ಲಿ ಪೇಟೆಯವರೆಗೆ ಒಯ್ಯುವುದು ಹಗುರ. ಮೂರನೆಯ ಆಕ್ಷೇಪವೇ ಗಟ್ಟಿಯಾದದ್ದು: ಕಲ್ಲು ಹಾಸಿದ ಹೊಯ್ಸಳ ರಸ್ತೆಯನ್ನು ಇಲ್ಲಿ ಯಾರೂ ತೋರಿಸಿಲ್ಲ. ಇದನ್ನು ಒಪ್ಪಿಕೊಂಡೇ ವಾದವನ್ನು ತಿದ್ದಿಕೊಳ್ಳಬೇಕು. ನಾವು ಹುಡುಕಬೇಕಾದದ್ದು ಒಂದೇ ಗೆರೆಯ ರಸ್ತೆಯನ್ನಲ್ಲ. ಮಳೆ, ಮೇವು, ಸುಂಕದ ಕಟ್ಟೆಗಳಿಗೆ ತಕ್ಕಂತೆ ಪಕ್ಕಕ್ಕೆ ಸರಿಯುತ್ತಿದ್ದ ದಾರಿಗಳ ಪಟ್ಟಿಯನ್ನು. ಹಾರನಹಳ್ಳಿಯ ಸೋಮೇಶ್ವರ, ಕೇಶವ ಗುಡಿಗಳ ಮುಂದೆ ಹಾದ ಕವಲೂ ಅದರೊಳಗೇ ಸೇರುತ್ತದೆ. ಭೂದಾನ ಶಾಸನಗಳು ಎಲ್ಲೆ ಹೇಳುವಾಗ ಬಟ್ಟೆ (ದಾರಿ), ಹೆಬ್ಬಟ್ಟೆ (ಹೆದ್ದಾರಿ)ಗಳನ್ನು ಗುರುತಾಗಿ ಹಿಡಿಯುತ್ತವೆ. ಅಂಥ ಉಲ್ಲೇಖಗಳನ್ನು ಊರೂರಿನ ನೆಲಕ್ಕೆ ಹೊಂದಿಸಿ ನೋಡುವ ಕೆಲಸ ಕಚೇರಿಯಲ್ಲಿ ಕುಳಿತು ಆಗುವುದಿಲ್ಲ, ನಡೆದೇ ಆಗಬೇಕು.

ಇಂಥ ಕೆಲಸ ಬೇರೆಡೆ ನಡೆದಿದೆ: ಆಲ್ಪ್ಸ್ ಕಣಿವೆಗಳ ಹೇಸರಗತ್ತೆ ದಾರಿಗಳೂ ಸೇರಿದಂತೆ ಸ್ವಿಟ್ಜರ್ಲೆಂಡ್ ತನ್ನ ಚಾರಿತ್ರಿಕ ಸಂಚಾರ ಮಾರ್ಗಗಳ ಪಟ್ಟಿ ಮಾಡಿ 2010ರಲ್ಲಿ ಅದಕ್ಕೆ ಕಾನೂನಿನ ಬಲ ಕೊಟ್ಟಿತು. ನಮ್ಮಲ್ಲಿ 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿ ಸೇರಿದವು. ಅವುಗಳ ನಡುವಿನ ದಾರಿಗಳಿಗೆ ಆ ಗೌರವ ದಕ್ಕಲಿಲ್ಲ. ಹಳೆಯ ಗ್ರಾಮನಕ್ಷೆಗಳಲ್ಲಿ ಬಂಡಿದಾರಿ, ಕಾಲುದಾರಿಗಳ ಗುರುತು ಇನ್ನೂ ಇದೆ. ಹೊಲಗಳ ಒತ್ತುವರಿಯಲ್ಲೂ ರಸ್ತೆ ಅಗಲೀಕರಣದಲ್ಲೂ ನೆಲದ ಮೇಲಿನ ಗುರುತು ಅಳಿಯುತ್ತಿದೆ. ಪುರಾತತ್ತ್ವ ಇಲಾಖೆಯೂ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳೂ ಅರಸೀಕೆರೆಯಿಂದ ಬೇಲೂರಿನವರೆಗಿನ ಗ್ರಾಮನಕ್ಷೆಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ ಶಾಸನ ಸಂಪುಟಗಳ ಎಲ್ಲೆವಿವರಗಳ ಪಕ್ಕದಲ್ಲಿಟ್ಟುಕೊಂಡು ಈ ದಾರಿಗಳ ಕಾಲ್ನಡಿಗೆಯ ಸಮೀಕ್ಷೆಯನ್ನು ತಡಮಾಡದೆ ಕೈಗೆತ್ತಿಕೊಳ್ಳಬೇಕು.