ಊರಿನ ತೆಂಕಣ ತುದಿ

ಯಲಚೇನಹಳ್ಳಿಯ ಮೆಟ್ರೋ ನಿಲ್ದಾಣದಲ್ಲಿ ಈಗ ಗಾಡಿ ಕ್ಷಣಹೊತ್ತು ನಿಂತು ಮುಂದಕ್ಕೆ ಹೊರಟುಬಿಡುತ್ತದೆ. ಇಳಿಯುವವರು ಇಳಿಯುತ್ತಾರೆ, ಹತ್ತುವವರು ಹತ್ತುತ್ತಾರೆ. ಆ ಸ್ಥಳಕ್ಕೆ ಒಂದು ಕಾಲದಲ್ಲಿ ವಿಶೇಷವಿತ್ತೆಂಬುದು ಯಾರ ನೆನಪಿಗೂ ಬಂದಂತೆ ತೋರುವುದಿಲ್ಲ. ಆದರೆ 2017ರ ಜೂನ್ 18ರಿಂದ 2021ರ ಜನವರಿ 14ರವರೆಗೆ, ಅಂದರೆ ಸುಮಾರು ಮೂರೂವರೆ ವರ್ಷ, ನಮ್ಮ ಮೆಟ್ರೋ ದಕ್ಷಿಣದಲ್ಲಿ ಮುಗಿಯುತ್ತಿದ್ದುದು ಇಲ್ಲಿಯೇ. ಎಲ್ಲರೂ ಇಳಿದ ಮೇಲೆ ಚಾಲಕರು ಈ ತುದಿಯ ಕೋಣೆಯನ್ನು ಬಿಟ್ಟು ಆ ತುದಿಯ ಕೋಣೆಯನ್ನು ಸೇರುವರು. ಗಾಡಿ ನಾಗಸಂದ್ರದತ್ತ ಹಿಂದಿರುಗುವುದು. ಊರಿನ ತುದಿ ಇದೇ ಎಂದು ಹಳಿಗಳೇ ಹೇಳುತ್ತಿದ್ದ ಕಾಲವದು.

ಬೆಂಗಳೂರಿಗೆ ಹೀಗೆ ತುದಿಯನ್ನು ತೋರಿಸಿದ್ದು ಅದೇ ಮೊದಲಲ್ಲ. ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದು ತೋಟದೊಳಗೆ ನಡೆದರೆ, ಸುಮಾರು ಮುನ್ನೂರು ಕೋಟಿ ವರ್ಷಗಳ ಹಿಂದಿನದೆಂದು ಭೂವಿಜ್ಞಾನಿಗಳು ಹೇಳುವ ಹೆಬ್ಬಂಡೆಯ ಮೇಲೆ ಒಂದು ಚಿಕ್ಕ ಗೋಪುರ ಕಾಣುತ್ತದೆ. 1537ರಲ್ಲಿ ಕೆಂಪೇಗೌಡರು ಪೇಟೆಯನ್ನು ಕಟ್ಟಿಸಿದ ಮೇಲೆ, ಅವರ ಮನೆತನದವರು ಎತ್ತಿಸಿದ ನಾಲ್ಕು ಗೋಪುರಗಳಲ್ಲಿ ಇದೂ ಒಂದು. ಊರು ಇಲ್ಲಿಯವರೆಗೆ ಬೆಳೆದೀತು, ಇದನ್ನು ದಾಟಬಾರದು ಎಂಬ ಪ್ರತೀತಿಯೂ ಜನರಲ್ಲಿ ಉಂಟು. ಗೋಪುರ ಇನ್ನೂ ನಿಂತಿದೆ. ಗಡಿ ಮಾತ್ರ ಎಂದೋ ಅಳಿಸಿಹೋಯಿತು.

ಅಲ್ಲಿಂದ ಮುಂದಿನ ನಿಲ್ದಾಣವೇ ಸೌತ್ ಎಂಡ್ ವೃತ್ತ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಪ್ಲೇಗಿನ ಹಾವಳಿಯ ಆಸುಪಾಸಿನ ವರ್ಷಗಳಲ್ಲಿ, ಇಕ್ಕಟ್ಟಾದ ಪೇಟೆಯ ಜನರಿಗೆ ಗಾಳಿ ಬೆಳಕಿನ ಮನೆಗಳಿರಲೆಂದು ಬಸವನಗುಡಿ ಬಡಾವಣೆ ಎದ್ದಿತು. ಅದರ ದಕ್ಷಿಣದ ಅಂಚಿನ ರಸ್ತೆಗೆ ಸೌತ್ ಎಂಡ್ ಎಂದೇ ಹೆಸರಾಯಿತು. ಆ ಅಂಚಿನಾಚೆ ಹೊಲ ತೋಟಗಳು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದಾಗ ಆ ಹೆಸರಿನ ಅರ್ಥ ಹೊರಟುಹೋಯಿತು. ಊರಿನ ನಟ್ಟನಡುವೆ ನಿಂತು ‘ದಕ್ಷಿಣದ ಕೊನೆ’ ಎಂದು ಕರೆಸಿಕೊಳ್ಳುವ ಆ ವೃತ್ತವನ್ನು ಕಂಡರೆ, ವಯಸ್ಸಾದ ಅಜ್ಜನನ್ನು ಮನೆಯವರೆಲ್ಲ ಇನ್ನೂ ‘ಪುಟ್ಟ’ ಎಂದು ಕೂಗುವುದು ನೆನಪಾಗುತ್ತದೆ.

ಮೂರನೆಯ ತುದಿ ಹುಟ್ಟಿದ್ದು ಕಾಗದದ ಮೇಲೆ. ದೆಹಲಿ ಮೆಟ್ರೋ ಸಂಸ್ಥೆಯವರು ಬೆಂಗಳೂರಿಗಾಗಿ ಸಿದ್ಧಪಡಿಸಿದ ಮೊದಲ ಯೋಜನೆ 33 ಕಿಲೋಮೀಟರಿನದು. ಅದರಲ್ಲಿ ಉತ್ತರ ದಕ್ಷಿಣದ ಮಾರ್ಗ ಯಶವಂತಪುರದಲ್ಲಿ ಆರಂಭವಾಗಿ, ಜಯನಗರದ ಪಕ್ಕದ ರಾಷ್ಟ್ರೀಯ ವಿದ್ಯಾಲಯ ರಸ್ತೆಯಲ್ಲಿ ಮುಗಿಯಬೇಕಾಗಿತ್ತು. 2006ರ ಜೂನ್ 24ರಂದು ಪ್ರಧಾನಿ ಮನಮೋಹನ ಸಿಂಗ್ ಅವರು ಶಂಕುಸ್ಥಾಪನೆ ಮಾಡಿದರು. ಕೆಲಸ ಸಾಗುವಷ್ಟರಲ್ಲಿ ಊರು ಆ ತುದಿಯನ್ನೂ ಮೀರಿ ಬೆಳೆದಿತ್ತು. ಉತ್ತರದಲ್ಲಿ ನಾಗಸಂದ್ರದವರೆಗೆ, ದಕ್ಷಿಣದಲ್ಲಿ ಕನಕಪುರ ರಸ್ತೆಯ ಮೇಲೆ ಬನಶಂಕರಿ, ಜೆ.ಪಿ. ನಗರಗಳನ್ನು ದಾಟಿ ಪುಟ್ಟೇನಹಳ್ಳಿಯವರೆಗೆ ಮಾರ್ಗವನ್ನು ಎಳೆದರು. ಮೊದಲ ಹಂತದ ಉದ್ದ 42.3 ಕಿಲೋಮೀಟರ್ ಆಯಿತು. ಯೋಜನೆಯಲ್ಲಿ ಪುಟ್ಟೇನಹಳ್ಳಿ ಎಂದಿದ್ದ ಆ ಕೊನೆಯ ನಿಲ್ದಾಣವೇ ಯಲಚೇನಹಳ್ಳಿ ಎಂಬ ಹೆಸರಿನಿಂದ ತೆರೆಯಿತು. 2017ರ ಜೂನ್ 17ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿಯವರು ಮಾರ್ಗವನ್ನು ಉದ್ಘಾಟಿಸಿದರು. ಮರುದಿನದಿಂದ ಸಾರ್ವಜನಿಕರಿಗೆ ಅವಕಾಶವಾಯಿತು.

ಮಾರುಕಟ್ಟೆಯಲ್ಲಿ ನೆಲದೊಳಗಿರುವ ಗಾಡಿ ನ್ಯಾಷನಲ್ ಕಾಲೇಜಿನ ಹೊತ್ತಿಗೆ ಮೇಲೇರಿ, ಅಲ್ಲಿಂದ ದಕ್ಷಿಣಕ್ಕೆ ಕಂಬಗಳ ಮೇಲೆಯೇ ಓಡುತ್ತದೆ. ಸುರಂಗಕ್ಕಿಂತ ಕಂಬದ ದಾರಿಗೆ ಖರ್ಚು ಬಹಳ ಕಡಿಮೆ. ಆದರೆ ಕಂಬಕ್ಕೂ ನೆಲ ಬೇಕಲ್ಲವೆ? ಆ ನೆಲವನ್ನು ಕೊಟ್ಟವುಗಳಲ್ಲಿ ಜಯನಗರದ ಮರಗಳೂ ಸೇರಿದವು. ಸೌತ್ ಎಂಡ್ ವೃತ್ತದ ಕೆಳಗೆ, ನಂದಾ ರಸ್ತೆಯ ಪಕ್ಕದಲ್ಲಿ, ಲಕ್ಷ್ಮಣರಾವ್ ಅವರ ಹೆಸರಿನ ಉದ್ದನೆಯ ಉದ್ಯಾನವೊಂದಿತ್ತು. 2009ರಲ್ಲಿ ಅಲ್ಲಿಯ ಮರಗಳಿಗೆ ಕೊಡಲಿ ಬೀಳುವುದೆಂದು ತಿಳಿದಾಗ ನಾಗರಿಕರು ಬೀದಿಗಿಳಿದು ಪ್ರತಿಭಟಿಸಿದರು. ಮರಗಳು ಉಳಿಯಲಿಲ್ಲ. ಇಂದು ಅದೇ ದಾರಿಯಲ್ಲಿ ತಣ್ಣನೆಯ ಗಾಡಿಯೊಳಗೆ ಕುಳಿತು ಹೋಗುವ ನಾವು ಮೆಟ್ರೋ ಬೇಡವಾಗಿತ್ತೆಂದು ಹೇಳಲಾರೆವು. ಕಳೆದದ್ದು ಏನೂ ಇಲ್ಲವೆಂದೂ ಹೇಳಲಾರೆವು.

ಕೊನೆಯ ನಿಲ್ದಾಣವೆಂಬುದು ಬೇರೆ ನಿಲ್ದಾಣಗಳಂತಲ್ಲ. ನಡುವಿನ ನಿಲ್ದಾಣಕ್ಕೆ ಸುತ್ತಲಿನ ಬೀದಿಗಳ ಜನ ಬರುತ್ತಾರೆ. ಕೊನೆಯ ನಿಲ್ದಾಣಕ್ಕೆ ಅದರಾಚೆಯ ಸೀಮೆಯೆಲ್ಲ ಬಂದು ಸೇರುತ್ತದೆ. ಕೋಣನಕುಂಟೆ, ತಲಘಟ್ಟಪುರದ ಕಡೆಯವರು ಬಸ್ಸಿನಲ್ಲೋ ಆಟೋದಲ್ಲೋ ಸ್ವಂತ ವಾಹನದಲ್ಲೋ ಯಲಚೇನಹಳ್ಳಿಯವರೆಗೆ ಬಂದು ಮೆಟ್ಟಿಲು ಹತ್ತಬೇಕಾಗಿತ್ತು. ಊರಿನವರಿಗೆ ಅದು ಕೊನೆಯಾದರೆ ಹಳ್ಳಿಯ ಕಡೆಯವರಿಗೆ ಅದೇ ಬಾಗಿಲು. ಆ ಮೂರೂವರೆ ವರ್ಷದಲ್ಲಿಯೂ, 2020ರ ಮಾರ್ಚಿಯಿಂದ ಸೆಪ್ಟೆಂಬರಿನವರೆಗೆ ಕೋವಿಡ್ ಕಾರಣದಿಂದ ಬಾಗಿಲು ಮುಚ್ಚಿಯೇ ಇತ್ತು.

ಮತ್ತೆ ತೆರೆದ ನಾಲ್ಕೇ ತಿಂಗಳಿಗೆ ತುದಿ ಅಲ್ಲಿಂದ ಕದಲಿತು. 2021ರ ಜನವರಿ 14ರಂದು ಕನಕಪುರ ರಸ್ತೆಯ ಮೇಲೆ ಇನ್ನೂ ಆರು ಕಿಲೋಮೀಟರಿನಷ್ಟು ಮಾರ್ಗ ಉದ್ಘಾಟನೆಯಾಯಿತು. ಕೋಣನಕುಂಟೆ ಕ್ರಾಸ್, ದೊಡ್ಡಕಲ್ಲಸಂದ್ರ, ವಾಜರಹಳ್ಳಿ, ತಲಘಟ್ಟಪುರಗಳನ್ನು ದಾಟಿ ಈಗ ಗಾಡಿ ಮುಗಿಯುವುದು ರೇಷ್ಮೆ ಸಂಸ್ಥೆಯಲ್ಲಿ. ಅಲ್ಲಿರುವ ರೇಷ್ಮೆ ಸಂಶೋಧನಾ ಸಂಸ್ಥೆಯಿಂದ ಬಂದ ಹೆಸರದು. ಇತ್ತ, ಕಾಗದದಲ್ಲಿ ತುದಿಯಾಗಿ ನೆಲದ ಮೇಲೆ ತುದಿಯಾಗದೆ ಹೋದ ರಾಷ್ಟ್ರೀಯ ವಿದ್ಯಾಲಯ ರಸ್ತೆಗೂ ಅದರ ಪಾಲು ಬೇರೊಂದು ದಾರಿಯಿಂದ ಬಂತು. 2025ರ ಆಗಸ್ಟ್ 10ರಂದು ಉದ್ಘಾಟನೆಯಾದ, ಬೊಮ್ಮಸಂದ್ರಕ್ಕೆ ಹೋಗುವ 19.15 ಕಿಲೋಮೀಟರಿನ ಹಳದಿ ಮಾರ್ಗ ಹೊರಡುವುದು ಅಲ್ಲಿಂದಲೇ. ಹಸಿರು ಮಾರ್ಗದವರಿಗೆ ನಡು, ಹಳದಿ ಮಾರ್ಗದವರಿಗೆ ಕೊನೆ!

ಈ ನಿಲ್ದಾಣಗಳ ಹೆಸರುಗಳನ್ನು ಒಮ್ಮೆ ನಿಧಾನವಾಗಿ ಓದಿಕೊಳ್ಳಬೇಕು. ಯಲಚೇನಹಳ್ಳಿ ಎಂದೊಡನೆ, ಬೇಲಿಯಂಚಿನಲ್ಲಿ ನಿಂತು ಕಿತ್ತು ತಿನ್ನುವ ಎಲಚಿ ಹಣ್ಣಿನ ಹುಳಿ ಬಾಯಿಗೆ ಬರುತ್ತದೆ. ಕೋಣನಕುಂಟೆಯಲ್ಲಿ ಕುಂಟೆಯಿದೆ, ಅಂದರೆ ನೀರು ನಿಲ್ಲುವ ತಾಣ. ದೊಡ್ಡಕಲ್ಲಸಂದ್ರದ ‘ಸಂದ್ರ’ವು ಸಮುದ್ರ, ನಮ್ಮ ಹಿರಿಯರು ಕೆರೆಯನ್ನು ಕರೆಯುತ್ತಿದ್ದ ಗೌರವದ ಹೆಸರು. ನಾಗಸಂದ್ರ, ಬೊಮ್ಮಸಂದ್ರಗಳಿಗೂ ಇದೇ ಮಾತು ಸಲ್ಲುತ್ತದೆ. ನೀರಿನಿಂದ ಹೆಸರು ಪಡೆದ ಊರುಗಳನ್ನು ಪೋಣಿಸಿಕೊಂಡು ನಮ್ಮ ಹಳಿ ಹೋಗುತ್ತಿದೆ. ಗೋಪುರವನ್ನು ದಾಟಿದಾಗ, ಸೌತ್ ಎಂಡನ್ನು ದಾಟಿದಾಗ, ಯಲಚೇನಹಳ್ಳಿಯನ್ನು ದಾಟಿದಾಗ, ಪ್ರತಿ ಸಲವೂ ನಾವು ಮೊದಲು ಮನೆ ಕಟ್ಟಿ, ಕೆರೆಯೆಲ್ಲಿತ್ತೆಂದು ಆಮೇಲೆ ಹುಡುಕಿದವರು. ಹೆಸರು ಫಲಕದ ಮೇಲೆ ಉಳಿಯಿತು. ನೀರು ಉಳಿದದ್ದು ಎಷ್ಟು ಎಂಬುದನ್ನು ದಕ್ಷಿಣ ಬೆಂಗಳೂರಿನವರಿಗೆ ಬೇಸಿಗೆಯಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲ.

ರೇಷ್ಮೆ ಸಂಸ್ಥೆಯಿಂದ ಹಾರೋಹಳ್ಳಿಯವರೆಗೆ ಮಾರ್ಗ ಬೆಳೆಯಬೇಕೆಂಬ ಮಾತು ಈಗಾಗಲೇ ಕೇಳಿಬಂದಿದೆ. ಬೆಳೆಯಲಿ, ಆಚೆಯ ಹಳ್ಳಿಯವರಿಗೂ ಬಾಗಿಲು ಹತ್ತಿರವಾಗಲಿ. ಮುಂದಿನ ಕಂಬಕ್ಕೆ ಗುಂಡಿ ತೋಡುವ ಮೊದಲು ಅಲ್ಲಿಯ ಕೆರೆಗಳಿಗೆ ಗಡಿಗಲ್ಲು ನೆಡುವಷ್ಟು ವಿವೇಕ ಮಾತ್ರ ಈ ಬಾರಿ ನಮಗಿರಬೇಕು. ಊರಿನ ತುದಿ ಎಲ್ಲಿಯೂ ನಿಲ್ಲದೆಂಬುದು ನಿಜ. ಆದರೆ ಕೆರೆಯ ಅಂಚು ನಿಲ್ಲುವಂತೆ ಮಾಡುವುದು ನಮ್ಮ ಕೈಯಲ್ಲೇ ಇದೆ.